ಕಣ್ಣಾರೆ ಕಂಡವರು

ಅವನನ್ನು ಎಲ್ಲರೂ ಗಾಜಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಅಂಗಡಿಯಲ್ಲಿ ಗಾಜು ಕೊಯ್ದು ಊರಿನ ಅರ್ಧಕ್ಕರ್ಧ ಕಿಟಕಿಗಳಿಗೆ ಕೂರಿಸಿದವನು. ಮೇಜಿನ ಮೇಲೆ ಗಾಜಿನ ಹಾಳೆ ಮಲಗಿಸಿ, ಅಳತೆಪಟ್ಟಿ ಇಟ್ಟು, ಕಟ್ಟರಿನಿಂದ ಒಂದೇ ಒಂದು ಗೀರು ಎಳೆಯುತ್ತಿದ್ದ. ಎರಡನೆಯ ಸಲ ಗೀರಿದರೆ ಗಾಜಿಗೆ ಸಿಟ್ಟು ಬರುತ್ತದೆ ಎನ್ನುವುದು ಅವನ ತಮಾಷೆ. ಆಮೇಲೆ ಮೇಜಿನ ಅಂಚಿಗೆ ತಂದು ಹಗುರವಾಗಿ ಒತ್ತಿದರೆ ಟಕ್ಕೆಂದು ಎರಡು ಹೋಳು. ಅಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿ ಒಡೆದದ್ದು ಬೆರಳೆಣಿಕೆಯಷ್ಟು.

ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನಿಗೆ ಬಚ್ಚಲ ನೆಲದ ಮೇಲೆ ಎಚ್ಚರವಾಯಿತು. ನಲ್ಲಿ ಸುರಿಯುತ್ತಲೇ ಇತ್ತು. ನಾಲಗೆಯ ಅಂಚು ಕಚ್ಚಿಹೋಗಿ ಬಾಯಿ ತುಂಬ ರಕ್ತ. ಮೈಯೆಲ್ಲ ಹಿಡಿದು ಕುಟ್ಟಿದ ಹಾಗೆ ನೋವು. ಕಾಲು ಜಾರಿರಬೇಕು ಎಂದುಕೊಂಡ. ಮೂರನೆಯ ಸಲವೂ ಹಾಗೇ ಆದಾಗ ನರರೋಗದ ಡಾಕ್ಟರ ಬಳಿ ಹೋದ. ತಲೆಗೆ ತಂತಿಗಳನ್ನು ಅಂಟಿಸಿ ತೆಗೆದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೂ ನಾಲಗೆಯ ಗಾಯ ನೋಡಿ, ಅವನ ಮಾತು ಕೇಳಿ, ಇದು ಮೂರ್ಛೆ ರೋಗವೇ ಎಂದು ಡಾಕ್ಟರು ಗುಳಿಗೆ ಬರೆದರು. ಏಣಿ ಹತ್ತಬೇಡಿ, ಗಾಜಿನ ಹತ್ತಿರ ಸುಳಿಯಬೇಡಿ ಎಂದರು. ಗಾಜಿನ ಹತ್ತಿರ ಸುಳಿಯದ ಗಾಜಿನ ಮೇಸ್ತ್ರಿ ಹೊಟ್ಟೆಗೆ ಏನು ತಿನ್ನಬೇಕು ಎಂಬುದನ್ನು ಮಾತ್ರ ಬರೆದುಕೊಡಲಿಲ್ಲ.

ಅವನು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ ಎನ್ನುವುದೂ ನಿಜ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು, ಅಷ್ಟೇ. ತಂಗಿಯೊಬ್ಬಳು ದೂರದ ಊರಿನಲ್ಲಿದ್ದಳು. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅವಳಿಗೆ ಸ್ವಲ್ಪ ಬಿ.ಪಿ. ಇದೆ ಎಂದಷ್ಟೇ ಹೇಳಿದ್ದ. ಫಿಟ್ಸ್ ಬರುವ ಮೊದಲು ಅವನ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಡಿಯುತ್ತಿತ್ತು. ಆ ವಾಸನೆ ಬಂದೊಡನೆ ಇದ್ದಲ್ಲಿಂದ ಎದ್ದು, ಬಾಗಿಲಿರುವ ಯಾವುದಾದರೂ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಹೀಗೆ ಎರಡು ವರ್ಷ ಅಂಗಡಿಯವರ ಕಣ್ಣಿಗೆ ಮಣ್ಣೆರಚಿದ.

ಒಂದು ಮಧ್ಯಾಹ್ನ ಬ್ಯಾಂಕೊಂದರ ಬಾಗಿಲಿಗೆ ಆಳೆತ್ತರದ ಗಾಜನ್ನು ಹೊತ್ತು ಹೋಗುತ್ತಿದ್ದರು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಜೊತೆಯ ಕೆಲಸಗಾರನ ಕೈಯಲ್ಲಿ. ನಡುದಾರಿಯಲ್ಲಿ ರಬ್ಬರಿನ ವಾಸನೆ ಬಂತು. 'ಇಳಿಸು, ಇಳಿಸು' ಎಂದು ಅವಸರ ಮಾಡಿ, ಗಾಜನ್ನು ಗೋಡೆಗೆ ಒರಗಿಸಿ, ಬ್ಯಾಂಕಿನ ಶೌಚಾಲಯಕ್ಕೆ ಓಡಿದ. ಅರ್ಧ ಗಂಟೆಯ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದಾಗ ಜೊತೆಯವನು ಗಾಜಿಗೆ ಕಾವಲು ನಿಂತಿದ್ದ. ಹೊಟ್ಟೆ ಕೆಟ್ಟಿದೆಯೇ ಎಂದು ಕೇಳಿ ನಕ್ಕ. ಮೇಸ್ತ್ರಿಯೂ ನಕ್ಕ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇದ್ದದ್ದು ಆ ಹುಡುಗಾಟದ ಮನುಷ್ಯನ ಬರಿಗೈಗಳು. ವಾಸನೆ ಬರುವುದು ಅರೆಕ್ಷಣ ತಡವಾಗಿದ್ದರೆ? ಮರುದಿನವೇ ಯಜಮಾನರ ಮುಂದೆ ನಿಂತು, ಭುಜ ಬಿದ್ದುಹೋಗಿದೆ, ಇನ್ನು ಕೈಲಾಗದು ಎಂದು ಸುಳ್ಳು ಹೇಳಿ ಕೆಲಸ ಬಿಟ್ಟ.

ಅಲ್ಲಿಂದ ನಾಲ್ಕು ವರ್ಷ ಮಹಡಿಯ ಒಂದೇ ಕೋಣೆಯಲ್ಲಿ ಲಕೋಟೆ ಅಂಟಿಸಿ ಬದುಕಿದ. ಕೋಣೆಯಲ್ಲಿ ಒಡೆಯುವಂಥದ್ದು ಏನನ್ನೂ ಉಳಿಸಿಕೊಳ್ಳಲಿಲ್ಲ. ಕನ್ನಡಿ ತೆಗೆದ, ಕೈಯಿಂದ ತಡವಿಕೊಂಡೇ ಗಡ್ಡ ಹೆರೆದುಕೊಳ್ಳುವುದನ್ನು ಕಲಿತ. ಗಾಜಿನ ಲೋಟಗಳು ಹೋಗಿ ಸ್ಟೀಲಿನವು ಬಂದವು. ಮೇಜಿನ ಮೂಲೆಗಳಿಗೆ ಹಳೆಯ ಬಟ್ಟೆ ಸುತ್ತಿದ. ಕಿಟಕಿಯ ಗಾಜನ್ನು ಸ್ವತಃ ಬಿಚ್ಚಿ, ಆ ಜಾಗಕ್ಕೆ ಬಿಳಿಯ ಪ್ಲಾಸ್ಟಿಕ್ ಹಾಳೆ ಬಿಗಿದ. ಅಲ್ಲಿಂದಾಚೆ ಬೀದಿ ಅವನಿಗೆ ಬರೀ ನೆರಳುಗಳಾಗಿ ಕಾಣುತ್ತಿತ್ತು. ಬಾಗಿಲಿಗೆ ಹಗಲೂ ಚಿಲಕ.

ಫಿಟ್ಸ್ ಹೆಚ್ಚಾದಂತೆ ಲಕೋಟೆಗಳೂ ಕೈಕೊಟ್ಟವು. ಒಮ್ಮೆ ಬಂದರೆ ಎರಡು ದಿನ ತಲೆ ಮಂಕು. ಹೇಳಿದ ವಾರಕ್ಕೆ ಕಟ್ಟು ಮುಗಿಯುತ್ತಿರಲಿಲ್ಲ. ಸರ್ಕಾರದ ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿ ನೋಡಿ, ಮೂರ್ಛೆ ರೋಗವೂ ಆ ಪಟ್ಟಿಯಲ್ಲಿದೆ ಎಂದು ಹೇಳಿದವರು ಡಾಕ್ಟರೇ. ಅವನು ಅರ್ಜಿ ತಂದು, ಮೇಜಿನ ಮೇಲೆ ಹರಡಿಕೊಂಡು, ಮುತ್ತಿನಂಥ ಅಕ್ಷರದಲ್ಲಿ ತುಂಬಿದ. ಹನ್ನೊಂದನೆಯ ಕಾಲಂನಲ್ಲಿ ಪೆನ್ನು ನಿಂತಿತು. 'ಮೂರ್ಛೆಯನ್ನು ಕಣ್ಣಾರೆ ಕಂಡವರ ಹೆಸರು, ಅರ್ಜಿದಾರರೊಂದಿಗಿನ ಸಂಬಂಧ, ಹೇಳಿಕೆ, ಸಹಿ.'

ಮೊದಲು ಅಂಗಡಿಗೆ ಹೋದ. ಯಜಮಾನರು ಕೂರಿಸಿ ಚಹಾ ತರಿಸಿದರು. ಇವನು ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಇಂಥದ್ದನ್ನು ಇಟ್ಟುಕೊಂಡು ಏಣಿ ಹತ್ತುತ್ತಿದ್ದೆಯಾ ಎಂದು ಕೇಳಿದರು. ಭುಜ ನೋವೆಂದು ಕೆಲಸ ಬಿಟ್ಟ ಎಂದು ಬೇಕಾದರೆ ಬರೆದುಕೊಡುತ್ತೇನೆ, ಕಾಣದ್ದನ್ನು ಕಂಡೆ ಎಂದು ಬರೆಯಲಾರೆ ಎಂದರು. ಅವರದು ತಪ್ಪೆಂದು ಅವನಿಗೂ ಅನ್ನಿಸಲಿಲ್ಲ.

ಭಾನುವಾರ ತಂಗಿಗೆ ಹೇಳಿದ.

"ಆರು ವರ್ಷ ನನ್ನ ಹತ್ರ ಮುಚ್ಚಿಟ್ಟೆಯಲ್ಲ, ಅಣ್ಣಾ" ಎಂದಳು ಅವಳು. "ಸಹಿ ತಾನೇ ಬೇಕಾಗಿರೋದು? ಹಾಕ್ತೀನಿ ಬಿಡು. ಏನು ನೋಡ್ದೆ ಅಂತ ಬರೀಬೇಕೋ ನೀನೇ ಹೇಳು."

ಏನು ಬರೆಯಬೇಕೆಂದು ಅವನಿಗೂ ಗೊತ್ತಿರಲಿಲ್ಲ. ತನಗೆ ಏನಾಗುತ್ತದೆ ಎಂಬುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ, ನೋಡುವುದು ಸಾಧ್ಯವೂ ಇರಲಿಲ್ಲ. ಬೇಡ ಬಿಡು ಎಂದ. ಮುಂದಿನ ಭಾನುವಾರದಿಂದ ಅವಳ ಫೋನು ನಿಂತುಹೋಯಿತು.

ಹನ್ನೊಂದನೆಯ ಕಾಲಂ ಖಾಲಿ ಬಿಟ್ಟೇ ಅರ್ಜಿ ಕೊಟ್ಟ. ಕಚೇರಿಯ ಕಿಟಕಿಯಾಚೆ ಕೂತ ಗುಮಾಸ್ತೆ ಹಾಳೆಗಳನ್ನು ತಿರುವಿ, ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಅಕ್ಕಪಕ್ಕದೋರು?"

"ಅವರಿಗೆ ಗೊತ್ತಿಲ್ಲ."

"ಹಾಗಾದ್ರೆ ನಮಗೆ ಹೇಗೆ ಗೊತ್ತಾಗ್ಬೇಕು, ನೀವೇ ಹೇಳಿ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು.

ಆರು ವಾರಕ್ಕೆ ಉತ್ತರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಅಂಚೆಯವನು ಮೇಲೆ ಬಂದು ಬಾಗಿಲು ಬಡಿದಾಗ ಮೇಸ್ತ್ರಿ ಒಳಗೆ ನೆಲದ ಮೇಲೆ ಬಿದ್ದಿದ್ದ. ಹಾಗಾಗಿ ಕೆಳಮನೆಯಾಕೆ ಸಹಿ ಹಾಕಿ ತೆಗೆದುಕೊಂಡಳು. ಆಕೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತಳಾದವಳು. ಒಂಟಿ ಹೆಂಗಸು. ಅಷ್ಟು ವರ್ಷ ಒಂದೇ ಮೆಟ್ಟಿಲು ಬಳಸಿದ್ದರೂ ಇಬ್ಬರ ನಡುವೆ ನೀರು ಬಂತೇ ಎನ್ನುವುದರಾಚೆ ಮಾತು ಬೆಳೆದಿರಲಿಲ್ಲ. ಸಂಜೆ ಅವಳು ಲಕೋಟೆ ಕೊಡಲು ಬಂದಳು. ಅವನು ಬಾಗಿಲಲ್ಲೇ ನಿಂತು ಓದಿದ. ಸಾಕಷ್ಟು ಪುರಾವೆ ಇಲ್ಲದ ಕಾರಣ ಅರ್ಜಿ ತಿರಸ್ಕೃತವಾಗಿದೆ. ಒಂದು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡದ್ದನ್ನು ಕಂಡು ಅವಳು ಏನೆಂದು ಕೇಳಿದಳು. ಯಾಕೋ ಏನೋ, ಅವನು ಹೇಳಿಬಿಟ್ಟ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ನಾನು ನಿಮ್ಮನ್ನ ಕುಡುಕ ಅಂದ್ಕೊಂಡಿದ್ದೆ, ಮೇಸ್ತ್ರಿ" ಎಂದಳು. "ಈ ಕಟ್ಟಡದಲ್ಲಿ ಎಲ್ಲರೂ ಹಾಗೇ ಅಂದ್ಕೊಂಡಿದಾರೆ."

ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟಿದವನಲ್ಲ ಅವನು. ಎದುರಾದಾಗ ಪಕ್ಕಕ್ಕೆ ಸರಿಯುತ್ತಿದ್ದ ಹೆಂಗಸರು, ಮಾತು ನಿಲ್ಲಿಸುತ್ತಿದ್ದ ಗಂಡಸರು, ಎಲ್ಲರೂ ಒಟ್ಟಿಗೆ ನೆನಪಿಗೆ ಬಂದರು. ತಾನು ಅಷ್ಟು ಜತನದಿಂದ ಮುಚ್ಚಿಟ್ಟದ್ದಕ್ಕೆ ಜನ ತಮಗೆ ತೋಚಿದ ಹೆಸರಿಟ್ಟುಕೊಂಡಿದ್ದರು.

ಅವಳು ತನ್ನ ಪಾಡಿಗೆ ಹೇಳುತ್ತ ಹೋದಳು. ಮೊದಲು ಒಂದು ಧಡ್ ಸದ್ದು. ಆಮೇಲೆ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು, ಒಂದೇ ಲಯದಲ್ಲಿ, ಎರಡು ನಿಮಿಷ. ನಂತರ ಏನೂ ಇಲ್ಲ. ಕಾಲು ಗಂಟೆ ಕಳೆದು ನಲ್ಲಿ ಬಿಡುವ ಸದ್ದು. ಹೆಚ್ಚಾಗಿ ಬೆಳಿಗ್ಗೆ ಹತ್ತರ ಆಸುಪಾಸು, ತಿಂಗಳಿಗೆ ನಾಲ್ಕು ಸಲ, ಕೆಲವು ತಿಂಗಳು ಐದು. ಹಗಲೆಲ್ಲ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸವೆಸಿದ ಆಯುಷ್ಯ. ಸದ್ದು ಅವಳಿಗೆ ತಪ್ಪುತ್ತಿರಲಿಲ್ಲ.

"ಐದಾ?" ಎಂದ ಅವನು. ತನ್ನ ಲೆಕ್ಕದಲ್ಲಿ ಅದು ತಿಂಗಳಿಗೆ ಎರಡನ್ನು ದಾಟಿರಲಿಲ್ಲ. ಉಳಿದವು ಅವನಿಗೇ ತಿಳಿಯದೆ ಬಂದು ಹೋಗಿದ್ದವು.

ಅವಳು ಮರುದಿನವೇ ಅವನ ಜೊತೆ ಕಚೇರಿಗೆ ಬಂದಳು. ಗುಮಾಸ್ತೆ ಎಲ್ಲವನ್ನೂ ಕೇಳಿಸಿಕೊಂಡು, ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂದಳು. ಅರ್ಜಿಯಲ್ಲಿ ಕಣ್ಣಾರೆ ಎಂದಿದೆ. ಇಬ್ಬರೂ ಮನೆಗೆ ಹಿಂತಿರುಗಿದರು. ಕೆಳಮನೆಯಾಕೆ ಮೆಟ್ಟಿಲ ಬುಡದಲ್ಲಿ ನಿಂತು, "ಚಿಲಕ ಹಾಕ್ಬೇಡಿ. ಸದ್ದಾದ್ರೆ ನಾನು ಬರ್ತೀನಿ" ಎಂದಳು.

ಕೈ ತಾನಾಗಿ ಚಿಲಕದ ಕಡೆಗೆ ಹೋಗುತ್ತಿತ್ತು. ಬಾಗಿಲು ಬರೀ ಎಳೆದುಕೊಂಡ ಮೊದಲ ದಿನ ಅವನಿಗೆ ಬಟ್ಟೆ ಬಿಚ್ಚಿ ಬೀದಿಯಲ್ಲಿ ಕೂತ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎದ್ದು ಚಿಲಕ ಹಾಕಿಬಿಟ್ಟ. ಹಾಗೆ ಒಂದು ವಾರ ಹಾಕುವುದು, ತೆಗೆಯುವುದು ನಡೆಯಿತು. ಒಂಬತ್ತನೆಯ ದಿನ ಲಕೋಟೆ ಅಂಟಿಸುತ್ತಿದ್ದಾಗ ವಾಸನೆ ಬಂತು. ಎದ್ದು ಬಾಗಿಲ ತನಕ ಹೋದ. ಚಿಲಕ ಮುಟ್ಟಿದ್ದು ನೆನಪಿದೆ. ಹಾಕಿದೆನೋ ಬಿಟ್ಟೆನೋ ನೆನಪಿಲ್ಲ.

ಎಚ್ಚರವಾದಾಗ ತಲೆಯ ಕೆಳಗೆ ದಿಂಬಿತ್ತು. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೆರಗಿನಿಂದ ಅವನ ಬಾಯಿ ಒರೆಸಿದ್ದಳೆಂದು ಕಾಣುತ್ತದೆ, ಸೆರಗಿನ ತುದಿ ಕೆಂಪಾಗಿತ್ತು. ಹೇಗಿತ್ತು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ, ಅವಳೂ ಹೇಳಲಿಲ್ಲ. ನೀರು ಕೊಟ್ಟು ಕೆಳಗಿಳಿದು ಹೋಗಿ, ಆ ಸಂಜೆಯೇ ಹೇಳಿಕೆ ಬರೆದು, ಲಕೋಟೆ ಅಂಟಿಸಿ ತಂದುಕೊಟ್ಟಳು.

ಮೇಲ್ಮನವಿಯ ದಿನ ಮೇಜಿನ ಹಿಂದೆ ಮೂವರು ಅಧಿಕಾರಿಗಳಿದ್ದರು. ಸಾಕ್ಷಿ ಮಾತಾಡುವಾಗ ಅರ್ಜಿದಾರ ಒಳಗೆ ಇರಬಾರದಂತೆ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ನಡುವಿನ ಗೋಡೆ ಅರ್ಧ ಗಾಜಿನದು. ಮಾತು ಕೇಳಿಸುತ್ತಿರಲಿಲ್ಲ, ಕಾಣುತ್ತಿತ್ತು. ಒಬ್ಬ ಅಧಿಕಾರಿ ಏನೋ ಕೇಳಿದ. ಅವಳು ಬಾಯಿ ತೆರೆದು, ಮುಚ್ಚಿ, ಮಾತು ಸಾಲದೆ ಎದ್ದು ನಿಂತಳು. ಬಾಯಿ ಅಗಲವಾಗಿ ತೆರೆದಳು. ಕತ್ತು ಒಂದು ಕಡೆಗೆ ತಿರುಚಿದಳು. ಎರಡೂ ತೋಳುಗಳನ್ನು ಎದೆಗೆ ಮಡಚಿ, ಮುಷ್ಟಿ ಬಿಗಿದು, ಇಡೀ ಮೈಯನ್ನು ಅಲುಗಿಸಿದಳು. ಅರವತ್ತು ದಾಟಿದ ಮರ್ಯಾದಸ್ಥ ಹೆಂಗಸು, ಅಪರಿಚಿತರ ಮುಂದೆ. ಬಲಬದಿಯ ಅಧಿಕಾರಿ ಕಾಗದದ ಮೇಲೆ ಕಣ್ಣು ತಗ್ಗಿಸಿದ. ಬೆಂಚಿನ ಮೇಲಿದ್ದವನಿಗೆ ಕಣ್ಣು ಕೀಳಲಾಗಲಿಲ್ಲ. ಆರು ವರ್ಷದಿಂದ ತನ್ನ ಮೈಯಲ್ಲೇ ವಾಸವಾಗಿದ್ದುದನ್ನು ಅವನು ಮೊದಲ ಸಲ ನೋಡುತ್ತಿದ್ದ.

ಹೊರಗೆ ಬಂದವಳು ಅವನ ಪಕ್ಕ ಕೂತು ಬೆವರು ಒರೆಸಿಕೊಂಡಳು.

"ಅಷ್ಟು ಭಯಂಕರವಾಗಿ ಇರುತ್ತಾ, ಅಕ್ಕಾ?"

"ಇರುತ್ತೆ" ಎಂದಳು. ಸುಳ್ಳು ಸಮಾಧಾನ ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಅವಳೇ ಮುಂದುವರಿಸಿದಳು. "ಕಣ್ಣು ಬಿಟ್ಟ ಮೇಲೆ ನಿಮಗೆ ನಾನು ಯಾರು ಅಂತ ಗುರುತು ಸಿಗ್ಲಿಲ್ಲ. ಗಾಜು ಒಡೀತಾ, ಗಾಜು ಒಡೀತಾ ಅಂತ ಕೇಳ್ತಾನೇ ಇದ್ರಿ. ಇಲ್ಲ, ಒಡೆದಿಲ್ಲ ಅಂದೆ. ಆಮೇಲೆ ಸುಮ್ನಾದ್ರಿ."

ಅವನು ತಲೆ ಬಗ್ಗಿಸಿದ. ಅವಳು ಬೇರೆ ಕಡೆ ನೋಡುತ್ತ ಕೂತಳು.

ಭತ್ಯೆ ಮಂಜೂರಾಯಿತು. ಕೇಳಿದ ದರ್ಜೆಗಿಂತ ಒಂದು ದರ್ಜೆ ಕೆಳಗೆ, ಎರಡು ವರ್ಷದ ಮಟ್ಟಿಗೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ಸಾಕ್ಷಿ. ಆದೇಶ ಬಂದ ದಿನ ಯಾರಿಗಾದರೂ ಹೇಳಬೇಕು ಎನ್ನಿಸಿ ತಂಗಿಗೆ ತಾನೇ ಫೋನು ಮಾಡಿದ. ಒಳ್ಳೆಯದಾಯಿತು ಎಂದಳು. ಆ ಭಾನುವಾರದಿಂದ ಮತ್ತೆ ಅವಳ ಫೋನು ಬರತೊಡಗಿತು.

ಕೆಳಮನೆಯಾಕೆ ಒಂದೂವರೆ ವರ್ಷ ಮೆಟ್ಟಿಲು ಹತ್ತಿ ಬಂದಳು. ಕೆಲವು ಸಲ ಸದ್ದು ಕೇಳಿ, ಕೆಲವು ಸಲ ಸದ್ದೇ ಇಲ್ಲವಲ್ಲ ಎಂದು. ಮಂಡಿ ನೋವು ಬಲವಾದ ಮೇಲೆ ಅವಳ ಅಕ್ಕ ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ಸಾಮಾನು ಹೊತ್ತ ಗಾಡಿ ತಿರುವು ದಾಟುವ ತನಕ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ.

ಹದಿನೈದು ದಿನಕ್ಕೆ ಕೆಳಮನೆಗೆ ಹೊಸಬರು ಬಂದರು, ವಯಸ್ಸಿನ ಗಂಡ ಹೆಂಡತಿ. ಅವನು ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಳಗಿಳಿದು ಬಾಗಿಲು ತಟ್ಟಿದ. ಗಂಡ ಅರ್ಧ ಬಾಗಿಲು ತೆರೆದ.

"ಮೇಲಿನ ಮನೆಯವನು ನಾನು" ಎಂದ ಮೇಸ್ತ್ರಿ. "ನನಗೆ ಫಿಟ್ಸ್ ಬರುತ್ತೆ. ಬಿದ್ದ ಸದ್ದು ಕೇಳಿದ್ರೆ ಗಾಬರಿ ಆಗ್ಬೇಡಿ. ಒಂದ್ಸಲ ಮೇಲೆ ಬಂದು ನೋಡಿದ್ರೆ ಉಪಕಾರ ಆಗುತ್ತೆ."

ಆ ಮನುಷ್ಯ ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಒಳಗಿನಿಂದಲೇ ತಲೆಯಾಡಿಸಿದಳು. ಹೂಂ ಎಂದೋ ಊಹೂಂ ಎಂದೋ ಕತ್ತಲಿಗೆ ಸರಿಯಾಗಿ ಕಾಣಲಿಲ್ಲ. ಸರಿ, ನೋಡೋಣ ಎಂದ ಗಂಡ. ಮೇಸ್ತ್ರಿ ಕೈ ಮುಗಿದು, ಪಕ್ಕದ ಕಂಬಿ ಹಿಡಿದುಕೊಂಡು, ಮೆಟ್ಟಿಲು ಹತ್ತಿದ. ಮೇಜಿನ ಮೇಲೆ ಆ ವಾರದ ಲಕೋಟೆಗಳು ಇನ್ನೂ ಅರ್ಧ ಉಳಿದಿದ್ದವು.