ಲೋಕಲ್ ರೈಲಿನಲ್ಲಿ ನಾಲ್ಕನೆಯವಳಿಗೆ ಜಾಗ

"ಅಕ್ಕಾರ, ಜರಾ ಸರೀರಿ, ನಾನೂ ಕುಂದರ್ತೀನಿ" ಎಂದು ಬೆಂಚಿನ ಬಳಿ ಬಂದ ಹೆಂಗಸೊಬ್ಬಳು ಅಂದದ್ದೇ ತಡ, ನಾನು ಗಡಬಡಿಸಿ ಎದ್ದು ನಿಂತುಬಿಟ್ಟೆ!

ಲಿಂಗಂಪಲ್ಲಿಗೆ ಹೊರಟಿದ್ದ ಸಂಜೆಯ ಲೋಕಲ್ ರೈಲದು. ಮೂವರ ಬೆಂಚಿನಲ್ಲಿ ನಾಲ್ಕನೆಯವರು ಹೀಗೆ ಜಾಗ ಮಾಡಿಸಿಕೊಳ್ಳುವುದು ಹೈದರಾಬಾದಿನಲ್ಲಿ ದಿನನಿತ್ಯದ ಮಾತು. ಆದರೆ ನಾನು ಈ ರೈಲಿನಲ್ಲಿ ಓಡಾಡಿದ ಹನ್ನೊಂದು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನೂರಾ ಇಪ್ಪತ್ತೆಂಟು ಕಿಲೋ ತೂಗುತ್ತಿದ್ದ ನಾನು ಕುಳಿತರೆ ಸರಿಯಲು ಜಾಗವೆಲ್ಲಿ? ಯಾರಾದರೂ ದಿಟ್ಟಿಸಿದರೆ ನಾನೇ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದೆ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಒಂಬತ್ತು ತಿಂಗಳಾಗಿ, ನಲವತ್ತು ಕಿಲೋ ಇಳಿದಿದ್ದರೂ ನನ್ನ ಕಾಲುಗಳು ಆ ಅಭ್ಯಾಸ ಬಿಟ್ಟಿರಲಿಲ್ಲ.

ನಾನು ಫೋನಿನಲ್ಲಿ ಅಮ್ಮನೊಂದಿಗೆ ಆಡುತ್ತಿದ್ದ ಕನ್ನಡ ಕೇಳಿಯೇ ಆಕೆ ಕನ್ನಡದಲ್ಲಿ ಮಾತಾಡಿಸಿದ್ದು. ಕಟ್ಟಡದ ಕೆಲಸ ಮುಗಿಸಿ ಬಂದಿದ್ದಳು, ಸೀರೆಯ ಅಂಚಿನಲ್ಲಿ ಸಿಮೆಂಟಿನ ಧೂಳಿತ್ತು. ಎದ್ದು ನಿಂತ ನನ್ನನ್ನು ನೋಡಿ ನಕ್ಕೇಬಿಟ್ಟಳು.

"ಏಳ್ರಿ ಅಂತ ಯಾರಂದ್ರು? ಸರೀರಿ ಅಂದೆ ಅಷ್ಟ. ಇಬ್ಬರಿಗೂ ಬೇಕಾದಷ್ಟು ಜಾಗ ಐತಿ!"

ಕುಳಿತು ಸರಿದೆ. ಆಕೆಯೂ ಕುಳಿತಳು. ಆದರೂ ನಮ್ಮಿಬ್ಬರ ನಡುವೆ ಒಂದು ಸಣ್ಣ ಸಂದಿ ಉಳಿಯಿತು. ಅದರೊಳಗೆ ಆಕೆ ತನ್ನ ಬುತ್ತಿ ಡಬ್ಬಿಯನ್ನು ಇಟ್ಟುಕೊಂಡಳು.

ಆಸ್ಪತ್ರೆಯ ತೂಕದ ಯಂತ್ರ ತಿಂಗಳು ತಿಂಗಳು ತೋರಿಸಿದರೂ ನಂಬಿರದ ನಾನು, ಆ ಡಬ್ಬಿಯನ್ನು ಕಂಡು ನಂಬಿದೆ. ನನ್ನ ಸ್ಟೇಷನ್ ಬಂತು, ಹೋಯಿತು. ಏಳಲು ಮನಸ್ಸೇ ಬರಲಿಲ್ಲ!