ರೆನ್ಸ್ಕೆಯ ಹೆಸರಿನಲ್ಲಿ ಬಂದ ಶುಭಾಶಯ

ರೆನ್ಸ್ಕೆ ವಿಯಾರ್ಡಾಳಿಗೆ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಪುರುಸೊತ್ತಾಗ್ಲಿಲ್ಲ ಕಣ್ರೀ" ಅನ್ನುತ್ತಿದ್ದಳು. ಜನ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಏಕೆಂದರೆ ಅದು ನಿಜ. ನಾನು ಟೆಟ್, ಅವಳ ಅಪ್ಪನ ಕಾಲದಿಂದ ಅವರ ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಹೊರಗೆ ಚಾಚುವ ಬಿಸಿಲುಪರದೆಗಳಿಗೆ ಬಟ್ಟೆ ಹೊಲಿದವಳು. ಡಚ್ಚರ ನಾಡಿನ ನಮ್ಮ ಡೊಕ್ಕುಮ್ ಪೇಟೆಯಲ್ಲಿ ನೀವು ನೋಡುವ ಪಟ್ಟೆಪಟ್ಟೆ ಪರದೆಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯವು.

ಅಪ್ಪ ಸಾಯುವ ಮುಂಚೆ ಅಂಗಡಿಯನ್ನು ಮಗ ವೊಬ್ಬೆಯ ಹೆಸರಿಗೆ ಬರೆದ, ಮಗಳಿಗೆ ಗಿರಾಕಿಗಳನ್ನು ಮಾತಾಡಿಸುವ ಮುಂದಿನ ಮೇಜು ಬಿಟ್ಟ. ಅವಳಿಗೆ ಆ ಮೇಜೇ ಸಾಕಾಗಿತ್ತು. ಆ ಮೇಜಿನಿಂದ ಎದ್ದು ಅವಳು ಊರಿನ ಮನೆಮನೆಗೆ ಅಳತೆ ತೆಗೆಯಲು ಹೋಗುತ್ತಿದ್ದಳು, ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು, ಕಿಟಕಿಯ ಜೊತೆಗೆ ಆ ಮನೆಯ ಸುಖದುಃಖವನ್ನೂ ಅಳೆದುಕೊಂಡು ಬರುತ್ತಿದ್ದಳು.

ನಮ್ಮಲ್ಲಿ ಹುಟ್ಟುಹಬ್ಬ ಹುಟ್ಟಿದವನೊಬ್ಬನದಲ್ಲ, ಇಡೀ ಮನೆಯದು. ಗಂಡ ಹುಟ್ಟಿದ ದಿನ ಹೆಂಡತಿಯ ಕೈ ಕುಲುಕಿ "ನಿನ್ನ ಗಂಡನ ಹುಟ್ಟುಹಬ್ಬಕ್ಕೆ ಅಭಿನಂದನೆ" ಅನ್ನಬೇಕು, ಅವಳ ಅತ್ತೆಗೂ ಹೇಳಬೇಕು, ಪಕ್ಕದ ಮನೆಯವಳು ಅಲ್ಲೇ ಕೂತಿದ್ದರೆ ಅವಳಿಗೂ ಹೇಳಬೇಕು. ಮರೆತರೆ ವರ್ಷಗಟ್ಟಲೆ ಮುಖ ಊದಿಸಿಕೊಳ್ಳುತ್ತಾರೆ. ಎಲ್ಲರ ಮನೆಯಲ್ಲೂ ಇರುವಂತೆ ಅಂಗಡಿಯ ಪಾಯಖಾನೆಯಲ್ಲೂ ಒಂದು ಹುಟ್ಟುಹಬ್ಬದ ಕ್ಯಾಲೆಂಡರ್ ನೇತಾಡುತ್ತಿತ್ತು. ರೆನ್ಸ್ಕೆ ಬೆಳಿಗ್ಗೆ ಅದನ್ನು ನೋಡಿಕೊಂಡು ಬಂದು ಗಿರಾಕಿಗಳಿಗೆ ಫೋನ್ ಮಾಡುತ್ತಿದ್ದಳು. ಅದು ವ್ಯಾಪಾರದ ಉಪಾಯ ಅಲ್ಲವೇ ಅಲ್ಲ ಎಂದು ನಾನು ಆಣೆ ಹಾಕುವುದಿಲ್ಲ. ಆದರೆ ಬರೀ ವ್ಯಾಪಾರಕ್ಕೆ ಯಾರೂ ಅಷ್ಟು ಹೊತ್ತು ಫೋನಿನಲ್ಲಿ ಅಳುವವರ ಮಾತು ಕೇಳುವುದಿಲ್ಲ.

ಒಂದು ಚಳಿಗಾಲದಲ್ಲಿ ಅವಳು ನ್ಯುಮೋನಿಯಾ ಬಂದು ಮಲಗಿದಳು. ಅಂಗಡಿಗೆ ಕಣ್ಣು ಕಟ್ಟಿದಂತಾಯಿತು. ಪರದೆ ಜೋಡಿಸುವ ಗೊಸ್ಸೆ, ಬೇಡವೆಂದು ಹೇಳಿದವರ ಮನೆಗೆ ಹೋಗಿ ಏಣಿ ಹಾಕಿದ, ಕಾಯುತ್ತಿದ್ದವರ ಮನೆಗೆ ಹೋಗಲೇ ಇಲ್ಲ. ಅವಳು ಎದ್ದು ಬಂದ ಮೇಲೆ ವೊಬ್ಬೆ ಎಲ್ಲರನ್ನೂ ಕೂಡಿಸಿದ. ಕಾಫಿ ಬಂತು, ಬಿಸ್ಕತ್ತಿನ ಡಬ್ಬ ತಲೆಗೊಂದರಂತೆ ಒಂದು ಸುತ್ತು ಬಂದು ಮುಚ್ಚಿಕೊಂಡಿತು.

"ಗಿರಾಕಿಗಳ ವಿಷ್ಯ ಎಲ್ಲಾ ನಿನ್ ತಲೇಲಿದೆ ರೆನ್ಸ್ಕೆ. ನಿಂಗೆ ಜ್ವರ ಬಂದ್ರೆ ಅಂಗಡಿಗೇ ಜ್ವರ," ಅಂದ ವೊಬ್ಬೆ. "ಒಂದು ಕಂಪ್ಯೂಟ್ರ್ ಪ್ರೋಗ್ರಾಂ ತಗೊಳ್ಳೋಣ. ಗಿರಾಕಿ ಹೆಸ್ರು, ಅಳತೆ, ಪರದೆ ಹಾಕೋ ತಾರೀಕು ಎಲ್ಲಾ ಅದ್ರಲ್ಲಿ. ಇ-ಮೇಲೂ ಅದೇ ಕಳಿಸುತ್ತೆ."

"ನನ್ನ ತಲೆಗೇನಾಗಿದೆ?"

"ಏನೂ ಆಗಿಲ್ಲ ಮಾರಾಯ್ತಿ. ನಾವ್ಯಾರೂ ನಿನ್ ಮೇಲೆ ಹೇರಲ್ಲ. ನೀನೇ ನೋಡು, ನೀನೇ ಆರಿಸು."

ನಮ್ಮ ಜನ ಹೀಗೆಯೇ. ಯಜಮಾನ ಹುಕುಂ ಮಾಡುವುದಿಲ್ಲ, ಯಾರೂ ಕೈ ಎತ್ತಿ ವೋಟು ಹಾಕುವುದಿಲ್ಲ. ಎಲ್ಲರೂ ಹೂಂ ಅನ್ನುವವರೆಗೆ ಕಾಫಿ ಕುಡಿಯುತ್ತಾ ಮಾತಾಡುತ್ತಲೇ ಇರುತ್ತೇವೆ. ಆಮೇಲೆ ಏನಾದರೂ ಕೆಟ್ಟರೆ ಯಾರನ್ನೂ ಬೈಯುವಂತಿಲ್ಲ, ಎಲ್ಲರೂ ಒಪ್ಪಿದ್ದರಲ್ಲ! ಎಂಥ ಚಂದದ ಪದ್ಧತಿ, ಬೆಂಕಿ ಬೀಳ.

ಮೂರು ಪ್ರೋಗ್ರಾಂಗಳನ್ನು ನೋಡಿದೆವು. ಮೊದಲನೆಯದು ದೊಡ್ಡ ಕಂಪನಿಗಳಿಗೆ ಮಾಡಿದ್ದು. ಅದರಲ್ಲಿ ಗಿರಾಕಿಗೆ ಗಿರಾಕಿ ಎಂಬ ಹೆಸರೇ ಇಲ್ಲ, 'ಅವಕಾಶ' ಎಂದು ಕರೆಯುತ್ತಿತ್ತು. "ನಮ್ಮ ಪಾದ್ರಿ ಅವಕಾಶವಂತೆ, ನೋಡೇ ಟೆಟ್," ಎಂದು ರೆನ್ಸ್ಕೆ ನಕ್ಕು ಅದನ್ನು ಪಕ್ಕಕ್ಕಿಟ್ಟಳು. ಎರಡನೆಯದು ಅಗ್ಗ, ಆದರೆ ಮೇಲ್ ಕಳಿಸಲು ಬೇರೆ ಪ್ರೋಗ್ರಾಂ ಬೇಕು. ಪ್ರತಿ ಸಲ ಹೆಸರುಗಳನ್ನು ಇದರಿಂದ ತೆಗೆದು ಅದಕ್ಕೆ ಹಾಕಬೇಕು. ಮೂರನೆಯದರಲ್ಲಿ ಗಿರಾಕಿ ಮತ್ತು ಮೇಲ್ ಎರಡೂ ಒಂದೇ ಕಡೆ, ಗೊಸ್ಸೆ ಏಣಿಯ ಮೇಲೆ ನಿಂತು ಫೋನಿನಲ್ಲೇ ನೋಡಬಹುದು, ಬೇಕಾದ ಕಾಲಂಗಳನ್ನು ನಾವೇ ಸೇರಿಸಿಕೊಳ್ಳಬಹುದು.

ಅದನ್ನು ಮಾರಲು ಬಂದ ಹುಡುಗಿಯನ್ನು ರೆನ್ಸ್ಕೆ ಕೇಳಿದಳು, "ಇದ್ರಲ್ಲಿ ಅತ್ತೆಗೆ ಜಾಗ ಇದ್ಯಾ?"

"ಅತ್ತೆಗಾ?"

"ಸೊಸೆ ಹುಟ್ಟುಹಬ್ಬಕ್ಕೆ ಅತ್ತೆಗೂ ಹೇಳ್ಬೇಕಲ್ಲಮ್ಮ. ನಿಮ್ಮನೇಲಿ ಹೇಳಲ್ವಾ?"

ಹುಡುಗಿ ನಕ್ಕು, ಸಂಬಂಧ ಎಂಬ ಕಾಲಂ ಮಾಡಿಕೊಟ್ಟಳು. ಭಾಷೆಗೂ ಒಂದು ಕಾಲಂ ಆಯಿತು. ನಮ್ಮ ಸೀಮೆಯ ಫ್ರೀಸಿಯನ್ ನುಡಿ ಆಡುವ ಮನೆಗೆ ಸರ್ಕಾರಿ ಡಚ್ಚಿನಲ್ಲಿ ಬರೆದರೆ ಬಿಲ್ಲು ಬಂತೆಂದು ಹೆದರುತ್ತಾರೆ ಎಂಬುದು ರೆನ್ಸ್ಕೆಯ ವಾದ. ಕೊನೆಗೆ ಅವಳು "ಇದೇ ಇರ್ಲಿ" ಅಂದಳು. ನಾವೆಲ್ಲ ಹೂಂ ಅಂದೆವು. ವೊಬ್ಬೆ ಬಿಸ್ಕತ್ತಿನ ಡಬ್ಬವನ್ನು ಎರಡನೇ ಸುತ್ತು ಕಳಿಸಿದ, ಅಷ್ಟು ಖುಷಿ ಅವನಿಗೆ.

ಕೇಳದೆ ಯಾರಿಗೂ ಮೇಲ್ ಕಳಿಸಬಾರದೆಂದು ಕಾನೂನಿದೆ. ಬೇರೆ ಅಂಗಡಿಯವರು ಒಂದು ಕಾಗದ ಹಾಕಿ ಕೈ ತೊಳೆದುಕೊಂಡರು. ಇವಳು ಸೈಕಲ್ ಹತ್ತಿ ಮತ್ತೆ ಅಡುಗೆಮನೆ ಅಡುಗೆಮನೆಗೆ ಹೋದಳು. ಊರಾಚೆ ಕಾಲುವೆ ದಂಡೆಯಲ್ಲಿರುವ ಹಿಸ್ಕೆಯ ಮನೆಗೆ ನಾನೂ ಜೊತೆಗಿದ್ದೆ. ಹಿಸ್ಕೆಯ ಗಂಡ ಲೊಲ್ಕೆ ಸರಕುದೋಣಿ ನಡೆಸಿ ನಿವೃತ್ತನಾದವನು, ಕಿವಿ ಮಂದ, ನಗು ಜೋರು. ಅವನ ಹುಟ್ಟಿದ ದಿನ ಯಾವುದೆಂದು ರೆನ್ಸ್ಕೆ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು.

"ಕಂಪ್ಯೂಟ್ರಿಗೆ ಹಾಕ್ತೀಯಾ?" ಎಂದು ಹಿಸ್ಕೆ ಹುಬ್ಬು ಗಂಟಿಕ್ಕಿದಳು. "ಅಂಗಡಿಗಾದ್ರೆ ಬೇಡ ಕಣೇ. ನಿಂಗಾದ್ರೆ ಹೂಂ."

"ನಂಗೇ ಹಿಸ್ಕೆಯಮ್ಮ. ನಾನೇ ಬರಿಯೋದು."

ಅವಳು ಸುಳ್ಳು ಹೇಳಲಿಲ್ಲ. ಮೇಲ್‌ಗಳು ಅವಳ ಹೆಸರಲ್ಲಿ, ಅವಳ ಫೋಟೋ ಹೊತ್ತು ಹೋಗುತ್ತಿದ್ದವು. ಒಕ್ಕಣೆಯೆಲ್ಲ ಅವಳದೇ. ಮರುತ್ತರ ಬಂದರೆ ಅವಳೇ ಓದಿ ಉತ್ತರ ಬರೆಯುತ್ತಿದ್ದಳು. ಸತ್ತವರ ಹೆಸರನ್ನು ಅದೇ ದಿನ ತೆಗೆಯುತ್ತಿದ್ದಳು. ಆ ಚಳಿಗಾಲವೆಲ್ಲ ತಲೆಯಲ್ಲಿದ್ದುದನ್ನೆಲ್ಲ ಅದರೊಳಗೆ ಸುರಿದಳು: ಯಾರ ನಾಯಿ ಕಚ್ಚುತ್ತದೆ, ಯಾರಿಗೆ ಹತ್ತು ಗಂಟೆಗೆ ಮುಂಚೆ ಫೋನ್ ಮಾಡಬಾರದು, ಯಾರ ಮಗಳ ಸುದ್ದಿ ಎತ್ತಬಾರದು. "ನೋಡೇ ಟೆಟ್, ಇನ್ನು ನಾನು ಸತ್ರೂ ಅಂಗಡಿ ನಡಿಯತ್ತೆ," ಎಂದು ಹೆಮ್ಮೆಪಟ್ಟಳು.

ಸಾಯುವವರೆಗೆ ಯಾರು ಕಾಯುತ್ತಾರೆ? ಎರಡನೇ ವಸಂತಕ್ಕೆ ಜ್ವೊಲ್ಲೆ ಊರಿನ ಕಂಪನಿಯವನೊಬ್ಬ ಬಂದ. ಊರೂರಿನ ಪರದೆ ಅಂಗಡಿಗಳನ್ನು ಕೊಳ್ಳುವುದೇ ಅವರ ಕಸುಬು. ಅವನು ನನ್ನ ಹೊಲಿಗೆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮುಂದಿನ ಮೇಜಿಗೆ ಹೋಗಿ ಸ್ಕ್ರೀನಿನ ಮುಂದೆ ಬಗ್ಗಿದ.

"ಈ ಮೇಲ್‌ಗಳನ್ನ ಎಷ್ಟು ಜನ ತೆರೆದು ಓದ್ತಾರೆ?"

"ಹೆಚ್ಚುಕಮ್ಮಿ ಎಲ್ರೂ," ಅಂದಳು ನಮ್ಮ ಪೆದ್ದಿ, ಎದೆಯುಬ್ಬಿಸಿ.

ವೊಬ್ಬೆ ಮಾರಿಬಿಟ್ಟ. ಹೇಳಿದ್ದು ಕಾಫಿಯ ಹೊತ್ತಿಗೆ, ಮಳೆ ಬರಬಹುದು ಅನ್ನುವ ದನಿಯಲ್ಲಿ. ಹೊಲಿಗೆ ಇನ್ನು ಬೇರೆ ಕಡೆ, ಫೋನು ಜ್ವೊಲ್ಲೆಗೆ, ಗೊಸ್ಸೆಯನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ.

"ನಾನು?" ಅಂದಳು ರೆನ್ಸ್ಕೆ.

"ನಿನ್ ಕೆಲ್ಸ ಎಲ್ಲಾ ಪ್ರೋಗ್ರಾಂನಲ್ಲೇ ಇದ್ಯಲ್ಲ ಈಗ. ಇಷ್ಟ್ ವರ್ಷ ದುಡ್ದೆ, ಇನ್ನಾದ್ರೂ ಹಾಯಾಗಿರು."

"ಅದಿಲ್ದಿದ್ರೆ ಅವ್ರು ಕೊಳ್ತಿದ್ರಾ?"

ವೊಬ್ಬೆ ಕಪ್ಪಿನೊಳಗೆ ನೋಡಿದ. "ಸುಳ್ಳು ಯಾಕೆ ಹೇಳ್ಲಿ? ಕೊಳ್ತಿರ್ಲಿಲ್ಲ. ಅದನ್ನ ಆರಿಸಿದ್ದು ನೀನೇ ಅಲ್ವಾ?"

ನನ್ನ ಮೈ ಉರಿದುಹೋಯಿತು. ಕತ್ತರಿ ಕೈಯಲ್ಲಿತ್ತು, ದೇವರು ದೊಡ್ಡವನು. ರೆನ್ಸ್ಕೆ ಮಾತ್ರ ಎದ್ದು ಕಪ್ಪುಗಳನ್ನು ತೊಳೆದಿಟ್ಟಳು.

ಅಂಗಡಿಯ ಮುಂದೆ ಓಡಾಡುವುದೇ ಬೇಡವೆಂದು ಆ ವರ್ಷದ ಚಳಿಗಾಲ ಅವಳು ಕಡಲಾಚೆಯ ದ್ವೀಪದಲ್ಲಿರುವ ಚಿಕ್ಕಪ್ಪನ ಮಗಳ ಮನೆಗೆ ಹೋಗಿ ಕೂತಳು. ಹೋಗುವ ಮುಂಚೆ ಸಂತೆಯಲ್ಲಿ ಯಾರೋ ಅವಳ ಕೈ ಹಿಡಿದು, "ನನ್ ಹೆಂಡ್ತಿ ಹುಟ್ಟುಹಬ್ಬ ಈ ಸಲಾನೂ ಮರೀಲಿಲ್ವಲ್ಲ ನೀನು!" ಅಂದಿದ್ದ. ಆಗಲೇ ಗೊತ್ತಾಗಿದ್ದು, ಜ್ವೊಲ್ಲೆಯವರು ಅವಳನ್ನು ಬಿಟ್ಟರೂ ಅವಳ ಹೆಸರನ್ನು ಬಿಟ್ಟಿರಲಿಲ್ಲ. ಅವಳ ಹೆಸರು, ಅವಳ ಫೋಟೋ, ಅವಳ ಒಕ್ಕಣೆ, ಕೆಳಗೆ ಹೊಸ ಪರದೆಯ ಜಾಹೀರಾತು.

ಅಣ್ಣನ ಮನೆಗೆ ಹೋಗಿ ಕೇಳಿದಳು. "ನನ್ ಹೆಸ್ರನ್ನ ನೀನು ಹೆಂಗೋ ಮಾರ್ತೀಯಾ?"

"ಅದು ನಿನ್ ಹೆಸ್ರಲ್ಲ ರೆನ್ಸ್ಕೆ, ಕಳಿಸೋರ ಹೆಸ್ರು. ಒಂದು ಕಾಲಂ ಅಷ್ಟೇ. ಪ್ರೋಗ್ರಾಂ ಜೊತೆ ಹೋಯ್ತು."

ದೂರು ಕೊಡು ಎಂದು ನಾನು ಬಡಿದುಕೊಂಡೆ. ಅಣ್ಣನ ಮೇಲೆ ಹೇಗೆ ಕೊಡಲಿ ಅಂದಳು. ಕಂಪನಿಗೆ ಮಾತ್ರ ಬರೆದಳು, ಹೆಸರು ತೆಗೆಯಿರಿ ಎಂದು. ತಮ್ಮ ಕೋರಿಕೆ ತಲುಪಿದೆ, ಧನ್ಯವಾದ ಎಂದು ಉತ್ತರ ಬಂತು. ಅದನ್ನು ಬರೆದದ್ದೂ ಯಂತ್ರವೇ.

ವಸಂತದಲ್ಲಿ ಅವಳು ವಾಪಸು ಬಂದ ವಾರವೇ ನಾವಿಬ್ಬರೂ ಸಂತೆಗೆ ಹೋದೆವು. ಮೀನಿನ ಗಾಡಿಯ ಮುಂದೆ ಹಿಸ್ಕೆ ನಿಂತಿದ್ದಳು. ರೆನ್ಸ್ಕೆ ಮುಖ ಅರಳಿಸಿಕೊಂಡು ಮುಂದೆ ಹೋದಳು.

"ಮುಟ್ಟಬೇಡ ನನ್ನ," ಅಂದಳು ಹಿಸ್ಕೆ, ಸಾಲಿನಲ್ಲಿದ್ದವರೆಲ್ಲ ತಿರುಗುವಂತೆ. "ಲೊಲ್ಕೆ ಹೋದ, ಶುಕ್ರವಾರ ಮಣ್ಣು ಮಾಡ್ತೀವಿ, ಬಾ, ನನ್ ಪಕ್ಕ ಕೂತ್ಕೋ ಅಂತ ಬರ್ದೆ ನಿಂಗೆ. ನಿನ್ ಮೇಲಿಗೇ ಉತ್ರ ಬರ್ದೆ. ಬರ್ಲಿಲ್ಲ. ಒಂದ್ ಸಾಲು ಬರೀಲಿಲ್ಲ. ಹೋಗ್ಲಿ ಅಂದ್ಕೊಂಡೆ. ಮೊನ್ನೆ ಬರೀತೀಯ, ಗಂಡನ ಹುಟ್ಟುಹಬ್ಬಕ್ಕೆ ಅಭಿನಂದನೆ ಅಂತ. ಸತ್ತೋನ್ ಹುಟ್ಟುಹಬ್ಬಕ್ಕೆ! ಕೆಳಗೆ ಪರದೆ ತಗೊಳ್ಳಿ ಅಂತ ಬೇರೆ! ಮನುಷ್ಯಳಾ ನೀನು?"

ಲೊಲ್ಕೆ ಸತ್ತಿದ್ದು ರೆನ್ಸ್ಕೆಗೆ ಗೊತ್ತಾದದ್ದು ಹಾಗೆ, ಮೀನಿನ ಗಾಡಿಯ ಮುಂದೆ; ಊರಾಚೆಯ ಆ ಸುದ್ದಿ ನನಗೂ ಮುಟ್ಟಿರಲಿಲ್ಲ. ನಾನು ಕೂಗಾಡಿದೆ, ಇವಳಲ್ಲ, ಕಂಪನಿ ಎಂದು. ಹಿಸ್ಕೆ ಮೀನನ್ನೂ ತಗೊಳ್ಳದೆ ಹೊರಟುಹೋದಳು.

ಮಾರನೆಯ ದಿನ ನಾನೇ ಕಾರಿನಲ್ಲಿ ರೆನ್ಸ್ಕೆಯನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋದೆ. ಹಿಸ್ಕೆ ಬಾಗಿಲು ತೆರೆದಳು, ಒಳಗೆ ಬಿಟ್ಟಳು. ಅದೇ ಅಡುಗೆಮನೆ, ಅದೇ ಮೇಜು. ಕಾಫಿಯ ಪಾತ್ರೆ ಒಲೆಯ ಮೇಲೆ ಬಿಸಿಯಾಗಿತ್ತು, ವಾಸನೆ ಬರುತ್ತಿತ್ತು, ನಮಗೆ ಬಗ್ಗಿಸಲಿಲ್ಲ. ನಮ್ಮ ಊರಿನಲ್ಲಿ ಬಾಗಿಲಿಗೆ ಬಂದ ತೆರಿಗೆಯವನಿಗೂ ಕಾಫಿ ಕೊಡುತ್ತಾರೆ.

ರೆನ್ಸ್ಕೆ ಎಲ್ಲ ಹೇಳಿದಳು. ಅಂಗಡಿ ಮಾರಿದ್ದು, ಹೆಸರು ಹೋದದ್ದು, ದ್ವೀಪದಲ್ಲಿದ್ದದ್ದು, ಹಿಸ್ಕೆಯ ಮಾತು ಯಾರೂ ತೆರೆಯದ ಯಾವುದೋ ಪೆಟ್ಟಿಗೆಯಲ್ಲಿ ಬಿದ್ದಿರುವುದು. ಅಣ್ಣನ ಮರ್ಯಾದೆ ಉಳಿಸಲು ಊರಿನಲ್ಲಿ ಯಾರಿಗೂ ಹೇಳದಿದ್ದದ್ದನ್ನೆಲ್ಲ ಹೇಳಿದಳು, ಅಳುತ್ತಾ ಹೇಳಿದಳು.

ಹಿಸ್ಕೆ ಪೂರ್ತಿ ಕೇಳಿಸಿಕೊಂಡಳು.

"ನೀನು ಕಳಿಸಿಲ್ಲ. ಸರಿ, ನಂಬ್ತೀನಿ," ಅಂದಳು. "ಆದ್ರೆ ಲೊಲ್ಕೆ ಹುಟ್ಟಿದ ದಿನ ನಾನು ಯಾರಿಗೆ ಹೇಳಿದ್ದು? ಜ್ವೊಲ್ಲೆಯವ್ರಿಗಾ? ಅವ್ರ ಮುಖ ನಾನು ಕಂಡಿಲ್ಲ. ಈ ಮೇಜಿನ ಮುಂದೆ ಕೂತ್ಕೊಂಡು ನೀನು ಕೇಳ್ದೆ. ನಿಂಗೆ ಅಂತ ಕೊಟ್ಟೆ. ಕೊಡೋವಾಗ ನಾನು ಕೇಳಿದ್ದೆ ಕೂಡ, ಅಂಗಡಿಗಾ ನಿಂಗಾ ಅಂತ. ನೀನು ಅದನ್ನ ತಗೊಂಡೋಗಿ ಎಲ್ಲಿಟ್ಟೆ?"

ನಾನು ಬಾಯಿ ತೆರೆದೆ. ರೆನ್ಸ್ಕೆ ನನ್ನ ತೋಳು ಹಿಡಿದಳು. "ಬೇಡ ಟೆಟ್. ಸರಿಯಾಗೇ ಕೇಳ್ತಿದಾರೆ," ಎಂದು ಎದ್ದು ನಿಂತಳು.

ಕಾರಿನಲ್ಲಿ ನಾನು ವೊಬ್ಬೆಗೂ ಅವನ ವಂಶಕ್ಕೂ ಬಾಯಿಗೆ ಬಂದಂತೆ ಶಾಪ ಹಾಕಿದೆ. ಆ ವಂಶದವಳೇ ಪಕ್ಕದಲ್ಲಿ ಕೂತಿದ್ದಾಳೆ ಎಂಬುದೂ ಮರೆತುಹೋಗಿತ್ತು. ಕೊನೆಗೂ ಕಂಪನಿಯವರು ಬೇಸಿಗೆಯಲ್ಲಿ ಅವಳ ಹೆಸರು ತೆಗೆದರು. ಅಷ್ಟು ಹೊತ್ತಿಗೆ ಸಂತೆಯಲ್ಲಿ ಅರ್ಧ ಜನ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಉಳಿದರ್ಧ ಜನರಿಗೆ ಅವಳೇ ಮುಖ ಕೊಡುತ್ತಿರಲಿಲ್ಲ.

ಕಳೆದ ತಿಂಗಳು ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಮೊದಲ ಮೊಮ್ಮಗು, ಖುಷಿಗೆ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಸ್ಪತ್ರೆಯಿಂದ ಸೀದಾ ರೆನ್ಸ್ಕೆಯ ಮನೆಗೆ ಓಡಿ ಬಾಗಿಲಲ್ಲೇ ಶುರು ಮಾಡಿದೆ. ಅವಳು ಎರಡೂ ಕೈ ಮುಂದೆ ಚಾಚಿ ನನ್ನ ಬಾಯಿ ಮುಚ್ಚಿದಳು.

"ಮಗು ಚೆನ್ನಾಗಿದ್ಯಾ, ತಾಯಿ ಚೆನ್ನಾಗಿದಾಳಾ, ಅಷ್ಟು ಹೇಳು ಟೆಟ್," ಅಂದಳು. "ಯಾವತ್ತು ಹುಟ್ತು ಅಂತ ಮಾತ್ರ ನಂಗೆ ಹೇಳ್ಬೇಡ."