ಎರಡು ದನಿಯ ಚಾಚಾ

ಕೆಮ್ಮು ಬಿಡಲಿಲ್ಲವೆಂದು ಮೊನ್ನೆ ಸ್ಟೇಶನ್ ಬಜಾರದ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಜ್ಯೇಷ್ಠಮಧುವಿನ ಕಡ್ಡಿಯೊಂದನ್ನು ಮುರಿದು ಕೈಗಿಟ್ಟ. ಮೂಗಿನ ಹತ್ತಿರ ಹಿಡಿದೆ, ಅಷ್ಟೆ. ಚಾಚಾ ಬಂದು ಪಕ್ಕದಲ್ಲಿ ನಿಂತಂತಾಯಿತು. ಅವರ ಅಂಗಿಯ ಜೇಬಿನಲ್ಲಿ ಸದಾ ಈ ಕಡ್ಡಿಗಳಿರುತ್ತಿದ್ದವು. ಒಂದು ತುಂಡು ಅಗಿಯದೆ ಅವರು ಮೈಕಿನ ಮುಂದೆ ಹೋದದ್ದನ್ನು ನಾನು ನೋಡಿಲ್ಲ.

ಎಂಬತ್ತರ ದಶಕದಲ್ಲಿ ಕಲಬುರಗಿಯಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಿಟಾರು, ಡ್ರಮ್ಮು, ಕಾಂಗೋ, ಆಳೆತ್ತರದ ಎರಡು ಸ್ಪೀಕರ್ ಡಬ್ಬಿ. ಗಿಟಾರು ಬಾರಿಸುತ್ತಿದ್ದವರೇ ಮಾಲಕರು, ಹಾಡುವವರು ಚಾಚಾ. ಗಂಡು ಹೆಣ್ಣು ಸೇರಿ ಹಾಡುವ ಹಾಡನ್ನು ಅವರು ಒಬ್ಬರೇ ಹಾಡುತ್ತಿದ್ದರು. ಎಡಕ್ಕೆ ತಿರುಗಿದರೆ ಗಂಡಸಿನ ದನಿ, ಬಲಕ್ಕೆ ತಿರುಗಿದರೆ ಹೆಂಗಸಿನ ದನಿ. ಜನ ಮೊದಲ ಸಾಲಿಗೆ ನಗುತ್ತಿದ್ದರು, ಎರಡನೆಯ ಸಾಲಿಗೆ ಸುಮ್ಮನಾಗುತ್ತಿದ್ದರು.

ಅಷ್ಟರಲ್ಲಿ ಬೇರೆ ಊರಿನ ಆರ್ಕೆಸ್ಟ್ರಾ ಪಾರ್ಟಿಗಳು ಹುಡುಗಿಯರನ್ನು ವೇದಿಕೆಗೆ ತರತೊಡಗಿದವು. ಕಾರ್ಯಕ್ರಮ ಗೊತ್ತು ಮಾಡಲು ಬಂದವರೆಲ್ಲ ಮಾಲಕರನ್ನು ಕೇಳುವುದು ಒಂದೇ ಮಾತು: “ಹೆಣ್ಮಗಳು ಅದಾಳೇನ್ರಿ ನಿಮ್ಮ ಪಾರ್ಟ್ಯಾಗ?” ಹಾಗೆ ನಾನು ಬಂದೆ. ಜಗತ್ ವೃತ್ತದ ಹಿಂದಿನ ಓಣಿಯಲ್ಲಿ ಭಜನೆ ಹಾಡಿಕೊಂಡಿದ್ದವಳು. ಟೆಂಪೋದಲ್ಲಿ ನನ್ನ ಪಕ್ಕ ಚಾಚಾ ಒಬ್ಬರೇ ಕೂರಬೇಕು ಎಂಬ ಷರತ್ತಿನ ಮೇಲೆ ಅವ್ವ ಒಪ್ಪಿದ್ದಳು. ನನಗೆ ಕಲಿಸುವ ಕೆಲಸವನ್ನು ಮಾಲಕರು ಯಾರಿಗೆ ಹಚ್ಚಿದರು ಎಂದರೆ, ಚಾಚಾನಿಗೇ! ತಮ್ಮ ತಟ್ಟೆಯ ಅನ್ನವನ್ನು ತಾವೇ ನನಗೆ ಬಡಿಸಿದ ಹಾಗೆ. ಎರಡು ತಿಂಗಳು ಏನೂ ಮುಚ್ಚಿಡದೆ ಕಲಿಸಿದರು. ಆಮೇಲೆ ಅವರಿಗೆ ಉಳಿದದ್ದು ನಿರೂಪಣೆ ಮತ್ತು ನಗೆಹಾಡು. ಒಮ್ಮೆಯೂ ಮುಖ ಗಂಟು ಹಾಕಲಿಲ್ಲ. ಹಾಕಿದ್ದರೆ ನನಗೆ ಈಗ ಒಂದು ನೆಪವಾದರೂ ಸಿಗುತ್ತಿತ್ತು.

ಎಂಟು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಿದೆವು. ಹುಮನಾಬಾದ್, ಸೇಡಂ, ಯಾದಗಿರಿ, ಬೀದರ್... ಗಣಪತಿ ಎಂದರೆ ಹನ್ನೊಂದು ದಿನಕ್ಕೆ ಹನ್ನೊಂದು ಊರು. ಸ್ಪೀಕರ್ ಡಬ್ಬಿಯ ಮೇಲೆ ಕೂತು ರೊಟ್ಟಿ ಮತ್ತು ಶೇಂಗಾ ಹಿಂಡಿ ತಿನ್ನುವುದು, ಲಾಡ್ಜಿನ ಒಂದೇ ನಲ್ಲಿಗೆ ಎಂಟು ಜನ ಸಾಲು ಹಚ್ಚುವುದು. ಡ್ರಮ್ಮಿನವನ ಬೆನ್ನು ಹೋಯಿತು, ಬಿಟ್ಟ. ಕಾಂಗೋದವನಿಗೆ ಕುಡಿತ ಹತ್ತಿತು, ಅವನನ್ನು ನಾವೇ ಬಿಟ್ಟೆವು. ಹೊಸಬರು ಬಂದರು, ಹೋದರು. ಮೊದಲಿನವರಲ್ಲಿ ಮಾಲಕರು, ಚಾಚಾ, ನಾನು ಮಾತ್ರ ಉಳಿದೆವು.

ಕೊನೆಗೆ ನನ್ನ ಗಂಟಲು ಕೈಕೊಟ್ಟಿತು. ದೂಳು ಕುಡಿದು, ಜ್ವರದಲ್ಲೂ ಕೂಗಿ ಕೂಗಿ, ಒಂದು ಬೆಳಿಗ್ಗೆ ಬರೀ ಗಾಳಿ ಹೊರಟಿತು. ಮೂರು ತಿಂಗಳು ಮಾತು ಕೂಡ ಆಡಬಾರದು ಎಂದರು ಡಾಕ್ಟರು. ಆ ಸಂಜೆಯೇ ಕಮಲಾಪುರದಲ್ಲಿ ಕಾರ್ಯಕ್ರಮ. ಮಾಲಕರು ತಲೆ ಮೇಲೆ ಕೈ ಹೊತ್ತು ಕೂತರು. ಚಾಚಾ ನನ್ನ ಹತ್ತಿರ ಬಂದು ಹೇಳಿದರು: “ನೀ ಬರೇ ತುಟಿ ಅಲುಗಾಡ್ಸು ಬೇಟಿ. ನಾ ಡಬ್ಬಿ ಹಿಂದ ಕುಂತು ಹಾಡ್ತೀನಿ.”

ಹಾಗೇ ಮಾಡಿದೆವು. ಸಂತೆ ಮುಗಿಸಿ ನಿಂತ ಮಂದಿಗೆ ಏನೂ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ ಒಬ್ಬ ಮುದುಕಿ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ನನ್ನ ಉಡಿಗೆ ಹಾಕಿ, ನನ್ನ ಗಂಟಲು ಸವರಿ, “ದೃಷ್ಟಿ ತಾಕದಿರ್ಲಿ ನನ್ನವ್ವ” ಎಂದಳು. ನಾನು ಹಣ್ಣು ಒಯ್ದು ಚಾಚಾನ ಮುಂದಿಟ್ಟೆ. “ನಿನ್ನ ಗಂಟಲಕ್ಕ ಕೊಟ್ಟಾಳ, ನೀನೇ ತಿನ್ನು” ಎಂದು ನಗಾಡಿದರು. ಮೈಯೆಲ್ಲ ಬೆವತಿತ್ತು. ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ಅಷ್ಟು ಖುಷಿ ಕಂಡೆ. ಟೆಂಪೋ ಹತ್ತುವ ಮೊದಲು ಮಾಲಕರು ಎಲ್ಲರಿಂದ ಆಣೆ ತಗೊಂಡರು: ಈ ಮಾತು ಪಾರ್ಟಿಯ ಆಚೆ ಹೋಗಬಾರದು, ಮನೆಯವರಿಗೂ ಹೇಳಬಾರದು.

ನಾಲ್ಕು ತಿಂಗಳಿಗೆ ನನಗೆ ದನಿ ಬಂತು, ಆದರೆ ಮೇಲಿನ ಸ್ವರ ಒಡೆಯುತ್ತಿತ್ತು. “ಈ ಸೀಜನ್ ಹಿಂಗೇ ಹೋಗ್ಲಿ” ಎಂದರು ಮಾಲಕರು. ಬೇಡ ಎನ್ನಲಿಲ್ಲ ನಾನು. ಚಪ್ಪಾಳೆ ನನಗೇ ಬರುತ್ತಿತ್ತಲ್ಲ! ಸೀಜನ್ ಎರಡಾಯಿತು, ಮೂರಾಯಿತು. ಆಗಲೇ ಕ್ಯಾಸೆಟ್ ಕಂಪನಿಯವನೊಬ್ಬ ನಮ್ಮನ್ನು ಹುಡುಕಿಕೊಂಡು ಬಂದ. ಅವನಿಗೆ ಬೇಕಾದದ್ದು ಆ ದನಿ ಮತ್ತು ನನ್ನ ಫೋಟೋ. ಧ್ವನಿಮುದ್ರಣದ ದಿನ ಮಾಲಕರು ಅವನಿಗೆ ನಿಜ ಹೇಳಲೇಬೇಕಾಯಿತು. ಅವನು ನಕ್ಕು, “ಒಳಗ ಯಾರರ ಹಾಡ್ಲಿ, ಹೊರಗ ಈ ಅಕ್ಕಾವ್ರ ಫೋಟೋ ಇದ್ರ ಆತು” ಅಂದ.

ಅಂದು ಚಾಚಾ ನನ್ನನ್ನು ಪಕ್ಕಕ್ಕೆ ಕರೆದರು. ನನ್ನಿಂದ ಅವರು ಏನಾದರೂ ಬೇಡಿದ್ದು ಅದೊಂದೇ ಸಲ.

“ಬೇಟಿ, ಕವರಿನ ಮ್ಯಾಲೆ ಒಂದು ಮೂಲ್ಯಾಗ ಸಣ್ಣಕ್ಕ ನನ್ನ ಹೆಸರು ಹಾಕ್ಸು. ನೀ ಹೇಳಿದ್ರ ಕೇಳ್ತಾರ. ಆರ್ಕೆಸ್ಟ್ರಾದಾಗ ಏನ್ ಮಾಡ್ತೀ ಅಬ್ಬಾ ಅಂತ ನನ್ನ ಮಗಳು ದಿನಾ ಕೇಳ್ತಾಳ. ಆಣಿ ಮುರಿಯಂಗಿಲ್ಲ ನಾ. ಹೆಸರು ಅಚ್ಚಾಗಿದ್ರ ಆಕಿನೇ ಓದ್ಕೋತಾಳ.”

“ನೋಡೂಣು ಚಾಚಾ” ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಚೆನ್ನಾಗಿ ಬರುತ್ತಿತ್ತು. ಮಾಲಕರನ್ನು ನಾನು ಕೇಳಲೇ ಇಲ್ಲ. ಚಾಚಾನ ಹೆಸರು ಬಂದರೆ ನಾನು ಯಾರು ಎಂಬ ಪ್ರಶ್ನೆ ಏಳುತ್ತದೆಂಬ ಹೆದರಿಕೆ. ಕ್ಯಾಸೆಟ್ ಬಂತು. ಚಾಚಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಫೋಟೋ ಛಲೋ ಬಂದದ” ಎಂದರು. ಮತ್ತೆ ಆ ಮಾತು ಎತ್ತಲಿಲ್ಲ...

ಮುಂದೆ ಡಿ.ಜೆ. ಬಂತು. ನಮ್ಮನ್ನು ಕೇಳುವವರು ಕಡಿಮೆಯಾದರು. ಒಂದು ದಿನ ಮಾಲಕರು ಸ್ಪೀಕರ್ ಡಬ್ಬಿ ಮಾರಿದರು. ಅಲ್ಲಿಗೆ ಆರ್ಕೆಸ್ಟ್ರಾ ಮುಗಿಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಚಾಚಾ ಹೋದ ಸುದ್ದಿ ಬಂತು. ಗಂಟಲಲ್ಲೇ ಹುಣ್ಣಾಗಿತ್ತಂತೆ, ಕೊನೆಯ ವರ್ಷ ದನಿಯೇ ಇರಲಿಲ್ಲವಂತೆ.

ಮೂರನೆಯ ದಿನ ಅವರ ಮನೆಗೆ ಹೋದೆ. ಮಗಳು ಚಹಾ ತಂದಳು. ಗೋಡೆಯ ಗೂಡಿನಲ್ಲಿ ಆ ಕ್ಯಾಸೆಟ್ ಇತ್ತು. ನನ್ನ ಫೋಟೋದ ಬಣ್ಣ ಹಾರಿತ್ತು.

“ಅಬ್ಬಾ ದಿನಾ ನಿಮ್ಮ ಹಾಡೇ ಹಚ್ಚತಿದ್ರು ಆಂಟಿ. ನನಗ ಬಾಜೂಕ ಕುಂಡ್ರಿಸ್ಕೊಂಡು ಕೇಳಸ್ತಿದ್ರು. ಹ್ಯಾಂಗದ, ಹ್ಯಾಂಗದ ಅಂತ ಕೇಳತಿದ್ರು.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅವರದು ಒಂದು ಹಾಡೂ ಉಳದಿಲ್ರಿ. ಅವರ ದನಿ ಮರತೇ ಹೋಗ್ತದೇನೋ ಅಂತ ಹೆದರಿಕಿ ಆಗ್ತದ ನನಗ. ಛಲೋ ಹಾಡ್ತಿದ್ರೇನ್ರಿ?”

“ಭಾಳ ಛಲೋ ಹಾಡ್ತಿದ್ರವಾ” ಅಂದೆ. ಚಹಾ ಕುಡಿದೆ. ಎದ್ದು ಬಂದೆ.

ಮಾಲಕರೂ ಈಗಿಲ್ಲ. ಬಾರಿಸುವವರು, ಕ್ಯಾಸೆಟ್ಟಿನವನು, ಯಾರೂ ಈ ಊರಲ್ಲಿ ಉಳಿದಿಲ್ಲ. ಮೊನ್ನೆ ಅಂಗಡಿಯಿಂದ ನೇರ ಆಕೆಯ ಓಣಿಯ ತಿರುವಿನವರೆಗೆ ನಡೆದೆ. ಹೇಳಬೇಕಾದದ್ದು ಒಂದೇ ವಾಕ್ಯ. ಬಾಗಿಲು ತೆರೆದೇ ಇತ್ತು, ಒಳಗೆ ಯಾರೋ ಪಾತ್ರೆ ತಿಕ್ಕುತ್ತಿದ್ದರು. ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ಆಕೆಯ ಅಬ್ಬಾನ ದನಿ ಆಕೆಯ ಮನೆಯಲ್ಲೇ ಇದೆ ಎಂದು ಗೊತ್ತಿರುವವಳು ಈಗ ನಾನೊಬ್ಬಳೇ.